ಮನೇಲೇ ಮಾಡಿದ ಅಕ್ವೇರಿಯಂ ಸ್ಟ್ಯಾಂಡ್‌ಗೆ ಸ್ಟೇನ್ ಒಂದೇ ಸಾಕಾ?

ಪ್ರಶ್ನೆ: ಸರ್, 200 ಲೀಟರ್ ಟ್ಯಾಂಕ್‌ಗೆ ಅಂತ ಪೈನ್ ಮರದಲ್ಲಿ ನಾನೇ ಸ್ಟ್ಯಾಂಡ್ ಮಾಡಿದೀನಿ, ಮೇಲ್ಗಡೆ ಪ್ಲೈವುಡ್. ವಾಲ್ನಟ್ ಕಲರ್ ಸ್ಟೇನ್ ತಂದು ಒಂದು ವೇಸ್ಟ್ ತುಂಡಿನ ಮೇಲೆ ಹಚ್ಚಿ ನೋಡಿದ್ರೆ ಒಂದ್ಕಡೆ ಕಪ್ಪು ಒಂದ್ಕಡೆ ತಿಳಿ, ತೇಪೆ ತೇಪೆಯಾಗಿ ಕಾಣ್ತಿದೆ. ಯಾಕೆ ಹೀಗೆ? ಮತ್ತೆ ಸ್ಟೇನ್ ಹೊಡೆದ್ಮೇಲೆ ನೀರು ಬಿದ್ರೆ ತಡೆಯುತ್ತಲ್ವಾ?

ಉತ್ತರ: ಎರಡನೇದು ಮೊದ್ಲು ಹೇಳ್ಬಿಡ್ತೀನಿ, ತಡೆಯಲ್ಲ. ಸ್ಟೇನ್ ಬರೀ ಬಣ್ಣ, ನೀರು ತಡೆಯೋದು ಅದರ ಮೇಲೆ ಹೊಡೆಯೋ ಪಾಲಿಯುರೆಥೇನ್, ಅಂದ್ರೆ ವಾರ್ನಿಶ್ ಥರದ ಗಟ್ಟಿ ಲೇಪ.

ತೇಪೆ ಬರೋದು ಪೈನ್ ಗುಣ, ಮೆತ್ತಗಿರೋ ಕಡೆ ಬಣ್ಣ ಜಾಸ್ತಿ ಕುಡಿಯುತ್ತೆ, ಗಟ್ಟಿ ಎಳೆ ಕುಡಿಯಲ್ಲ. 120, ಆಮೇಲೆ 180ರ ಸ್ಯಾಂಡ್ ಪೇಪರ್ (ನಂಬರ್ ಜಾಸ್ತಿ ಆದಷ್ಟೂ ನುಣುಪು) ಎಳೆ ಹೋದ ದಿಕ್ಕಿಗೇ ಉಜ್ಜಿ, ಧೂಳು ಪೂರ್ತಿ ಒರೆಸಿ, ಮೊದ್ಲು ವುಡ್ ಕಂಡೀಷನರ್ (ಮರ ಬಣ್ಣ ಒಂದೇ ಸಮ ಕುಡಿಯೋ ಹಾಗೆ ಮಾಡೋ ದ್ರವ) ಹಚ್ಚಿ ಆಮೇಲೆ ಸ್ಟೇನ್ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮಿಕ್ಕಿದ್ದನ್ನ ಬಟ್ಟೇಲಿ ಒರೆಸ್ಬಿಡಿ. ಜಾಯಿಂಟ್‌ಗಳಲ್ಲಿ ಹೊರಗೆ ಬಂದ ಗೋಂದು ಇದ್ರೆ ಮೊದ್ಲೇ ಕೆರೆದು ತೆಗೀರಿ, ಅದರ ಮೇಲೆ ಸ್ಟೇನ್ ಹಿಡಿಯಲ್ಲ, ಬಿಳಿ ಕಲೆ ಹಾಗೇ ಉಳಿಯುತ್ತೆ.

ಸ್ಟೇನ್ ಚೆನ್ನಾಗಿ ಒಣಗಿದ್ಮೇಲೆ ಪಾಲಿಯುರೆಥೇನ್ ತೆಳ್ಳಗೆ ಮೂರು ಕೋಟ್, ನಡುನಡುವೆ 320ರಲ್ಲಿ ಹಗುರವಾಗಿ ಉಜ್ಜಿ. ಜನ ಎಡವೋದು ಇಲ್ಲೇ ನೋಡಿ, ಕಣ್ಣಿಗೆ ಕಾಣೋ ಮುಂಭಾಗಕ್ಕೆ ಮಿರಮಿರ ಮಿಂಚೋ ಹಾಗೆ ಹೊಡೀತಾರೆ, ಆದ್ರೆ ನೀರು ಒಳಗೆ ಹೋಗೋದು ಪ್ಲೈವುಡ್ ಅಂಚಿಂದ, ಕಾಲಿನ ತಳದಿಂದ, ಪೈಪ್‌ಗೆ ಅಂತ ಕೊರೆದ ತೂತಿಂದ. ಅಲ್ಲಿಗೆಲ್ಲ ಒಂದು ಕೋಟ್ ಜಾಸ್ತಿನೇ ಇರ್ಲಿ, ಒಳಗಡೆನೂ ಬಿಡ್ಬೇಡಿ. ನೀರೇ 200 ಕೆಜಿ, ಗಾಜು ಮರಳು ಸೇರಿದ್ರೆ ಇನ್ನೂ ಜಾಸ್ತಿ, ಒಂದ್ಸಲ ತುಂಬಿಸಿದ್ಮೇಲೆ ಕೆಳಗೆ ಬ್ರಷ್ ಹಾಕೋಕೆ ಆಗಲ್ಲ.

ಪ್ರಶ್ನೆ: ಥ್ಯಾಂಕ್ಸ್ ಸರ್. ಮಾರನೇ ದಿನಾನೇ ಟ್ಯಾಂಕ್ ಇಡ್ಬಹುದಾ? ಹಳೇ ಟ್ಯಾಂಕ್ ಅದೇ ರೂಮಲ್ಲಿದೆ, ಮೀನೂ ಇದಾವೆ.

ಉತ್ತರ: ಅಯ್ಯೋ ಬೇಡ. ಕೈಗೆ ಅಂಟಲ್ಲ ಅಂದ ಮಾತ್ರಕ್ಕೆ ಒಳಗೂ ಗಟ್ಟಿಯಾಗಿದೆ ಅಂತಲ್ಲ, ಪಾಲಿಯುರೆಥೇನ್ ಆಯಿಲ್ ಬೇಸ್ಡ್ ಆದ್ರೆ ಪೂರ್ತಿ ಗಟ್ಟಿಯಾಗೋಕೆ ತಿಂಗಳತ್ರ ಹಿಡಿಯುತ್ತೆ, ಅವಸರ ಮಾಡಿದ್ರೆ ಟ್ಯಾಂಕ್ ತಳ ಅಂಟ್ಕೊಂಡ್ಬಿಡುತ್ತೆ. ಮೀನಿರೋ ರೂಮಲ್ಲಂತೂ ಹೊಡೀಲೇಬೇಡಿ, ಏರ್ ಪಂಪ್ ಆ ರೂಮಿನ ಗಾಳೀನೇ ಎಳೆದು ನೀರಿಗೆ ಬಿಡೋದು, ವಾಸನೆ ಹೋಗೋವರೆಗೂ ಸ್ಟ್ಯಾಂಡ್ ಹೊರಗೇ ಇರ್ಲಿ. ಇನ್ನೊಂದು, ಆಯಿಲ್ ಸ್ಟೇನ್ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೇಗೆ ಎಸೀಬೇಡಿ, ತಾನಾಗೇ ಬಿಸಿಯಾಗಿ ಬೆಂಕಿ ಹತ್ಕೊಳ್ಳುತ್ತೆ, ಬಯಲಲ್ಲಿ ಹರಡಿ ಒಣಗಿಸಿ ಆಮೇಲೆ ಬಿಸಾಕಿ.