ಎರಡು ತಿಂಗಳಲ್ಲಿ 15 ಕೆಜಿ ಇಳಿಸಬಹುದಾ?

ಪ್ರಶ್ನೆ (ದಾವಣಗೆರೆಯಿಂದ):
ನನ್ನ ತೂಕ 82 ಕೆಜಿ. ರಾತ್ರಿ ಅನ್ನ ಬಿಟ್ಟು ಒಂದು ಜೋಳದ ರೊಟ್ಟಿ, ಪಲ್ಯ ಅಷ್ಟೇ. ಬೆಳಿಗ್ಗೆ ವಾಕಿಂಗೂ ಇದೆ. ಮೊದಲ ವಾರ ಸರ್ರನೆ ಎರಡು ಕೆಜಿ ಇಳಿಯಿತು, ಆಮೇಲೆ ಮುಳ್ಳು ಅಲ್ಲಾಡ್ತಾನೇ ಇಲ್ಲ. ಮಗಳ ಮದುವೆಗೆ ಎರಡೇ ತಿಂಗಳು. 15 ಕೆಜಿ ಆಗುತ್ತಾ?

ಉತ್ತರ 1:
ಆಗಲ್ಲ ಅಕ್ಕಾ, ಆಗಬಾರದು ಕೂಡ. ಮೊದಲು ಹೋಗಿದ್ದರಲ್ಲಿ ಬಹುಪಾಲು ನೀರು. ಮೈ ಕೂಡಿಟ್ಟುಕೊಂಡ ಸಕ್ಕರೆಗೆ ಗ್ಲೈಕೋಜನ್ ಅಂತಾರೆ, ಅದರ ಒಂದು ಗ್ರಾಂ ಸುಮಾರು ಮೂರು ಗ್ರಾಂ ನೀರು ಹಿಡಿದಿಟ್ಟಿರುತ್ತೆ. ಊಟ ತಗ್ಗಿಸಿದಾಗ ಮೊದಲು ಖಾಲಿಯಾಗೋದು ಅದೇ. ಕೊಬ್ಬು ಹಾಗಲ್ಲ. ಒಂದು ಕೆಜಿ ಕರಗಲು ಹೆಚ್ಚುಕಡಿಮೆ 7,700 ಕ್ಯಾಲೊರಿ ಬೇಕು. ದಿನಕ್ಕೆ 500 ಕಡಿಮೆ ಮಾಡಿದರೂ ವಾರಕ್ಕೆ ಅರ್ಧ ಕೆಜಿ. ಮದುವೆ ಹೊತ್ತಿಗೆ ನಾಲ್ಕು ಕೆಜಿ ಅಂತ ಇಟ್ಟುಕೊಳ್ಳಿ. ರವಿಕೆ ಅಳತೆ ಮಾತ್ರ ಕೊನೇ ವಾರದಲ್ಲಿ ಕೊಡಿ.

ಉತ್ತರ 2:
ದಿನಾ ತೂಕ ನೋಡಬೇಡಿ. ಹಪ್ಪಳ, ಉಪ್ಪಿನಕಾಯಿ ತಿಂದ ಮರುದಿನ ನೀರು ನಿಂತು ಏರಿದ ಹಾಗೆ ಕಾಣುತ್ತೆ. ವಾರಕ್ಕೊಮ್ಮೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸಾಕು. ಸೊಂಟಕ್ಕೂ ಟೇಪು ಹಿಡಿಯಿರಿ.

ಪ್ರಶ್ನೆ ಕೇಳಿದವರು:
ಶುಗರ್ ಮಾತ್ರೆ ತಗೋತೀನಿ. ಬರೀ ನಾಲ್ಕು ಕೆಜಿಯಿಂದ ಏನಾದರೂ ಉಪಯೋಗ ಇದೆಯಾ?

ಉತ್ತರ 1:
ಖಂಡಿತ ಇದೆ. ನಿಮ್ಮ ತೂಕದ 5 ಪರ್ಸೆಂಟ್ ಅಂದರೆ ಅಷ್ಟೇ. ಶುಗರ್, ಬಿಪಿ ಎರಡೂ ಹತೋಟಿಗೆ ಬರಲು ಅದು ನೆರವಾಗುತ್ತೆ. ಆದರೆ ಮಾತ್ರೆ ನುಂಗಿ ಊಟ ತಪ್ಪಿಸಿದರೆ ಶುಗರ್ ಕುಸಿಯಬಹುದು. ನಾಳೆಯೇ ಡಾಕ್ಟರ ಹತ್ತಿರ ಮಾತಾಡಿ, ಅಕ್ಕಾ.