ಕ್ಯಾಂಪರ್ ಸಿಕ್ಕಿಸಿದರೆ ಸಣ್ಣ ಎಸ್‌ಯುವಿಯ ಹಿಂಭಾಗ ಕೂರುತ್ತೆ: ಸ್ಪ್ರಿಂಗ್ ಬದಲಿಸಬೇಕಾ, ಸ್ಪ್ರಿಂಗ್ ಒಳಗಿಡುವ ಏರ್‌ಬ್ಯಾಗ್ ಸಾಕಾ?

ಪ್ರಶ್ನೆ

ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ದೂರ) 2.65 ಮೀಟರ್, ಹಿಂದೆ ಕಾಯಿಲ್ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಬೇರೆ ಕಡೆ ಇದೆ. ಗಾಡಿ ಹಿಂದೆ ಎಳೆಯುವ ಕ್ಯಾಂಪರ್ (ಮಲಗೋಕೆ ಜಾಗವಿರುವ ಟ್ರೇಲರ್) ತುಂಬಿದಾಗ 900 ಕೆಜಿ, ಡಿಕ್ಕಿಯಲ್ಲಿ 130 ಕೆಜಿ ಸಾಮಾನು. ಖಾಲಿ ಗಾಡಿಗೆ ಹೋಲಿಸಿದರೆ ಹಿಂದಿನ ವೀಲ್ ಆರ್ಚ್ (ಚಕ್ರದ ಮೇಲಿನ ಬಾಡಿಯ ಕಮಾನು) 55 ಮಿ.ಮೀ. ಇಳಿದಿದೆ, ಮುಂದಿನದು 12 ಮಿ.ಮೀ. ಎದ್ದಿದೆ. ಡಿಪ್‌ನಲ್ಲಿದ್ದರೂ ಎದುರಿನವರು ಲೈಟ್ ಹೊಡೀತಾರೆ. ಏನು ಹಾಕಿಸಲಿ?

ಉತ್ತರ 1

ಹಾಕಿಸೋದು ಆಮೇಲೆ, ಮೊದಲು ತೂಕ ನೋಡಿ. ನೋಸ್ ವೇಯ್ಟ್ ಎಷ್ಟು, ಅಂದರೆ ಕ್ಯಾಂಪರಿನ ಮೂತಿ ಹಿಚ್ ಬಾಲ್ (ಅದನ್ನು ಸಿಕ್ಕಿಸೋಕೆ ಗಾಡಿಯ ಹಿಂದಿರುವ ಗುಂಡು) ಮೇಲೆ ಎಷ್ಟು ಒತ್ತುತ್ತೆ ಅನ್ನೋದೇ ನೀವು ಬರೆದಿಲ್ಲ.

ಸಮತಟ್ಟಾದ ಜಾಗದಲ್ಲಿ ಕ್ಯಾಂಪರಿನ ಚಕ್ರಗಳಿಗೆ ಅಡ್ಡ ಕಲ್ಲು ಕೊಡಿ. ಮೈತೂಕ ನೋಡುವ ಸಾಮಾನ್ಯ ತಕ್ಕಡಿಯನ್ನು ಕಪ್ಲರ್ (ಹಿಚ್ ಬಾಲ್ ಮೇಲೆ ಕೂರುವ ಮೂತಿಯ ತುದಿ) ಕೆಳಗಿಟ್ಟು, ಅದರ ಮೇಲೆ ಮರದ ತುಂಡು ನಿಲ್ಲಿಸಿ. ಮೂತಿಯನ್ನು ಹೊರುವ ಪುಟ್ಟ ಜಾಕಿ ಚಕ್ರ ಮೇಲೆತ್ತಿ ಮೂತಿಯ ಪೂರ್ತಿ ಭಾರ ಮರದ ಮೇಲೆ ಕೂರಲಿ. ಕಪ್ಲರ್, ಗಾಡಿಗೆ ಸಿಕ್ಕಿಸಿದಾಗ ಇರುವ ಎತ್ತರದಲ್ಲೇ ಇರಬೇಕು. ಇಲ್ಲದಿದ್ದರೆ ಲೆಕ್ಕ ತಪ್ಪುತ್ತೆ.

ಪ್ರಶ್ನೆ ಕೇಳಿದವರು

90 ಕೆಜಿ ಬಂತು. ಗಾಡಿ ಪುಸ್ತಕದಲ್ಲಿರುವ ಮಿತಿ 100. ಹಿಂದಿನ ಆಕ್ಸಲ್‌ನಿಂದ ಹಿಚ್ ಬಾಲ್‌ಗೆ 1.1 ಮೀಟರ್.

ಉತ್ತರ 2

ಹಾಗಿದ್ದರೆ ಲೆಕ್ಕ ಸುಲಭ. ಭಾರ ಆಕ್ಸಲ್‌ನಿಂದ ಹಿಂದೆ ಬೀಳೋದರಿಂದ ಏತದ ಥರ ಕೆಲಸ ಮಾಡುತ್ತೆ: 90 × (2.65 + 1.1) ÷ 2.65, ಸುಮಾರು 127 ಕೆಜಿ ಹಿಂದಿನ ಆಕ್ಸಲ್ ಮೇಲೆ. ಹೆಚ್ಚಿನ 37 ಕೆಜಿ ಎಲ್ಲಿಂದ ಬಂತು? ಮುಂದಿನ ಚಕ್ರಗಳಿಂದ. ಸ್ಟೀರಿಂಗ್ ಹಗುರಾಗೋದು ಅದಕ್ಕೇ.

ಡಿಕ್ಕಿಯ ಸಾಮಾನಿನ ಮಧ್ಯ ಆಕ್ಸಲ್‌ನಿಂದ ಅರ್ಧ ಮೀಟರ್ ಹಿಂದಿದೆ ಅಂದುಕೊಂಡರೆ ಆ 130 ಕೆಜಿ ಹಿಂದೆ 155 ಆಗುತ್ತೆ. ಅಂದರೆ ಗಾಡಿಯನ್ನು ಹೆಚ್ಚು ಕೂರಿಸಿದ್ದು ಕ್ಯಾಂಪರ್ ಅಲ್ಲ, ಡಿಕ್ಕಿ! ಒಟ್ಟು 282 ಕೆಜಿಗೆ 55 ಮಿ.ಮೀ., ಮಿಲಿಮೀಟರಿಗೆ ಸುಮಾರು 5 ಕೆಜಿ. ಸ್ಪ್ರಿಂಗ್ ಸತ್ತಿಲ್ಲ.

ಡಿಕ್ಕಿಯಿಂದ 80 ಕೆಜಿ ತೆಗೆದು ಕ್ಯಾಂಪರಿನಲ್ಲಿ ಅದರ ಆಕ್ಸಲ್‌ನ ನೇರ ಮೇಲೆ, ನೆಲಕ್ಕಂಟಿಸಿ ಇಡಿ. ಸುಮಾರು 19 ಮಿ.ಮೀ. ಪುಕ್ಕಟೆ ವಾಪಸ್. ಆದರೆ ಕ್ಯಾಂಪರ್ 980 ಕೆಜಿ ಆಗುತ್ತೆ, ಅದರ ಪ್ಲೇಟಿನ ಮಿತಿಯನ್ನೂ ಗಾಡಿಯ ಎಳೆಯುವ ಮಿತಿಯನ್ನೂ ನೋಡಿಕೊಳ್ಳಿ. ಮೂತಿ ಹಗುರ ಮಾಡೋಕೆ ಅಂತ ಕ್ಯಾಂಪರಿನ ಬಾಲದಲ್ಲಿ ಮಾತ್ರ ಭಾರ ತುಂಬಬೇಡಿ. ವೇಗದಲ್ಲಿ ಅದು ಹಾವಿನ ಹಾಗೆ ಓಲಾಡೋಕೆ ಶುರುವಾದರೆ ಹಿಡಿಯೋದು ಕಷ್ಟ.

ಉತ್ತರ 3

ಇಷ್ಟಾದ ಮೇಲೂ ಕೂತರೆ ಸ್ಪ್ರಿಂಗ್ ಒಳಗೆ ಕೂರುವ ಏರ್‌ಬ್ಯಾಗ್. ಶಾಕ್ ಬೇರೆ ಇರೋದರಿಂದ ನಿಮಗೆ ಆಗುತ್ತೆ. ಕಾಯಿಲ್ ನಡುವೆ ಶಾಕ್ ಹಾದುಹೋಗಿದ್ದರೆ ಈ ಬ್ಯಾಗ್ ಹಿಡಿಸೋದೇ ಇಲ್ಲ.

ಬಾಡಿ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರ ಜೋತುಬೀಳಲಿ. ಬ್ಯಾಗಿನ ಗಾಳಿ ಪೂರ್ತಿ ತೆಗೆದು, ಚಪಾತಿ ಥರ ಸುರುಳಿ ಸುತ್ತಿ ಕಾಯಿಲ್ ಸಂದಿಯಿಂದ ತೂರಿಸಬೇಕು. ಕಾಯಿಲ್ ಒಳಗೆ ಬಂಪ್ ಸ್ಟಾಪ್ (ಸ್ಪ್ರಿಂಗ್ ಪೂರ್ತಿ ಕುಸಿಯದಂತೆ ತಡೆಯುವ ರಬ್ಬರ್ ತುಂಡು) ಇದ್ದರೆ ಕಿಟ್‌ನ ಸೂಚನೆ ನೋಡದೆ ಕತ್ತರಿಸಬೇಡಿ. ಎಡ ಬಲಕ್ಕೆ ಪ್ರತ್ಯೇಕ ಪೈಪ್ ಎಳೀರಿ. ಎರಡನ್ನೂ ಟೀ (T ಆಕಾರದ ಜೋಡಣೆ) ಹಾಕಿ ಒಂದೇ ವಾಲ್ವ್‌ಗೆ ಸೇರಿಸಿದರೆ ತಿರುವಿನಲ್ಲಿ ಭಾರ ಬಿದ್ದ ಬದಿಯ ಗಾಳಿ ಆಚೆ ಬದಿಗೆ ಓಡಿ ಗಾಡಿ ಇನ್ನಷ್ಟು ವಾಲುತ್ತೆ. ಪೈಪ್ ಸೈಲೆನ್ಸರ್ ಹತ್ತಿರ ಹೋಗದಿರಲಿ, ಕರಗುತ್ತೆ. ಜೋಡಣೆಗಳಿಗೆ ಸೋಪಿನ ನೀರು ಸವರಿ ಗುಳ್ಳೆ ನೋಡಿ.

ಈ ಬಗೆಯ ಬ್ಯಾಗ್‌ಗೆ ಸಾಮಾನ್ಯವಾಗಿ ಕನಿಷ್ಠ 5, ಗರಿಷ್ಠ 35 ಪಿಎಸ್‌ಐ. ಖಾಲಿ ಬಿಟ್ಟರೆ ಕಾಯಿಲ್‌ಗೆ ಸಿಕ್ಕಿ ಹರಿಯುತ್ತೆ. ಕ್ಯಾಂಪರ್ ಸಿಕ್ಕಿಸಿ 15ರಿಂದ ಶುರು ಮಾಡಿ, ಇಳಿದಿದ್ದರಲ್ಲಿ ಅರ್ಧದಷ್ಟು ಎದ್ದರೆ ನಿಲ್ಲಿಸಿ. ಬಿಚ್ಚಿದ ಮೇಲೆ 5ಕ್ಕೆ ಇಳಿಸದಿದ್ದರೆ ಹಿಂಭಾಗ ಕುಪ್ಪಳಿಸುತ್ತೆ.

ಉತ್ತರ 2 ಬರೆದವರು

ಒಂದು ಸೇರಿಸುತ್ತೇನೆ. ಏರ್‌ಬ್ಯಾಗ್ ಆಗಲಿ ಗಟ್ಟಿ ಸ್ಪ್ರಿಂಗ್ ಆಗಲಿ ಎತ್ತರ ಸರಿ ಮಾಡುತ್ತೆ, ಮುಂದಿನ ಚಕ್ರದಿಂದ ಹೋದ ಭಾರವನ್ನು ವಾಪಸ್ ತರಲ್ಲ. ಬಾಗಿಲಿನ ಸ್ಟಿಕ್ಕರ್‌ನಲ್ಲಿರುವ ಹಿಂದಿನ ಆಕ್ಸಲ್ ಮಿತಿಯೂ ಹೆಚ್ಚಾಗಲ್ಲ. ಭಾರ ಮುಂದಕ್ಕೆ ಹಂಚೋದು ವೇಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಮಾತ್ರ. ಆದರೆ ಅದರ ಸರಳುಗಳು ಬಾಡಿಯನ್ನೇ ತಿರುಚುವ ಬಲ ಹಾಕುತ್ತವೆ. ಚಾಸಿ ಪ್ರತ್ಯೇಕ ಇಲ್ಲದ ಎಷ್ಟೋ ಸಣ್ಣ ಎಸ್‌ಯುವಿಗಳ ಪುಸ್ತಕದಲ್ಲೇ ಬೇಡ ಅಂದಿರುತ್ತಾರೆ. ಬೇಡ ಅಂದಿದ್ದರೆ ಬೇಡ ಅಷ್ಟೇ.

ಹಿಂದಿನ ಟೈರಿಗೆ ಪೂರ್ತಿ ಲೋಡಿನ ಗಾಳಿ ಹಾಕಿ, ಹೆಡ್‌ಲೈಟ್ ತಗ್ಗಿಸುವ ಗುಂಡಿ ಇದ್ದರೆ ಒಂದೆರಡು ಹೆಜ್ಜೆ ಕೆಳಗಿಳಿಸಿ.