ಸಿಲಿಕಾ–ಫೀನಾಲಿಕ್ ಫಲಕವು ಓವನ್‌ನಲ್ಲಿ ಉಬ್ಬಿ ಪದರ ಬಿಡುತ್ತಿದೆ: ಪರಿಹಾರ ಬೇಕು

ಪ್ರಶ್ನೆ (ಹುಬ್ಬಳ್ಳಿ)

ನಮ್ಮ ಕಾಲೇಜಿನ ತಂಡವು ಸಣ್ಣ ರಾಕೆಟ್ ಮೋಟಾರಿನ ಪರೀಕ್ಷಾ ಸ್ಟ್ಯಾಂಡಿಗಾಗಿ ಜ್ವಾಲೆ ತಡೆಯುವ ಫಲಕವನ್ನು ತಯಾರಿಸುತ್ತಿದೆ. ಸಿಲಿಕಾ ಬಟ್ಟೆಗೆ ರಿಸೋಲ್ ಬಗೆಯ (ಬಿಸಿ ಮಾಡಿದರೆ ತಾನಾಗಿಯೇ ಗಟ್ಟಿಯಾಗುವ) ಫೀನಾಲಿಕ್ ರಾಳವನ್ನು ಹಚ್ಚಿ, ನೆರಳಿನಲ್ಲಿ ಆರಿಸಿ, ಪದರಗಳನ್ನು ಜೋಡಿಸಿ, ವ್ಯಾಕ್ಯೂಮ್ ಬ್ಯಾಗಿನಲ್ಲಿಟ್ಟು (ಗಾಳಿ ಹೀರಿ ತೆಗೆದ ಚೀಲ) ಓವನ್ನನ್ನು ನೇರವಾಗಿ 160 ಡಿಗ್ರಿ ಸೆಲ್ಸಿಯಸ್‌ಗೆ ಏರಿಸುತ್ತೇವೆ. ಮೇಲ್ಮೈ ಗಟ್ಟಿಯಾಗಿ ಕಂಡರೂ ನಡುಭಾಗದಲ್ಲಿ ಬೊಬ್ಬೆ ಎದ್ದಿರುತ್ತದೆ. ನಾಣ್ಯದಿಂದ ತಟ್ಟಿದರೆ ಅಲ್ಲಿ ಮಾತ್ರ ಸಪ್ಪಳ ಪೊಳ್ಳಾಗಿ ಕೇಳಿಸುತ್ತದೆ. ಮಳೆಗಾಲ ಹಿಡಿದ ಮೇಲೆ ತೊಂದರೆ ಹೆಚ್ಚಾಗಿದೆ. ಬಟ್ಟೆಯೇ ಕಳಪೆಯಾಗಿರಬಹುದೇ?

ಉತ್ತರ (ಧಾರವಾಡ)

ಬಟ್ಟೆಯನ್ನು ದೂರುವ ಮೊದಲು ನೀರಿನ ಲೆಕ್ಕ ಹಾಕಿ. ಎಪಾಕ್ಸಿ ರಾಳದಂತಲ್ಲದೆ ಫೀನಾಲಿಕ್ ರಾಳವು ಗಟ್ಟಿಯಾಗುವ ಕ್ರಿಯೆಯಲ್ಲೇ ನೀರನ್ನು ಹೊರಬಿಡುತ್ತದೆ. 160 ಡಿಗ್ರಿಯಲ್ಲಿ ನೀರಾವಿಯ ಒತ್ತಡವು ಸುಮಾರು 6 ಬಾರ್ ಇದ್ದರೆ, ವ್ಯಾಕ್ಯೂಮ್ ಬ್ಯಾಗು ಒತ್ತುವುದು ಹೆಚ್ಚೆಂದರೆ 1 ಬಾರ್, ಅಂದರೆ ಸುಮಾರು ಹೊರಗಿನ ಗಾಳಿಯ ಒತ್ತಡದಷ್ಟು. ಅಂಚಿನ ರಾಳವು ಮೊದಲೇ ಬಿಗಿದುಕೊಂಡಾಗ ಒಳಗೆ ಸಿಕ್ಕಿಬಿದ್ದ ಆವಿಯು ಪದರಗಳನ್ನು ಎತ್ತದೆ ಬಿಡುವುದಿಲ್ಲ. ಫೀನಾಲಿಕ್ ರಾಳದಿಂದ ಬೇಕಲೈಟ್ ಪ್ಲಾಸ್ಟಿಕ್ ರೂಪಿಸಿದ ರಸಾಯನಶಾಸ್ತ್ರಜ್ಞ ಬೇಕ್‌ಲ್ಯಾಂಡ್ 1909ರಲ್ಲಿ ಪಡೆದ ಪೇಟೆಂಟಿನ ತಿರುಳೂ ಇದೇ ಆಗಿತ್ತು: ಶಾಖದ ಜೊತೆಗೆ ಒತ್ತಡವನ್ನೂ ಕೊಟ್ಟರೆ ರಾಳ ನೊರೆಗಟ್ಟುವುದಿಲ್ಲ.

ಮಳೆಗಾಲದ ಪಾತ್ರವೂ ಇದೆ. ಸಿಲಿಕಾ ಬಟ್ಟೆಯು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಜುಲೈ ತಿಂಗಳ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ನೆರಳಿನಲ್ಲಿ ಆರಿಸಿದ್ದು ಆರಿದಂತೆ ಕಂಡರೂ ಆರಿರುವುದಿಲ್ಲ. ರಾಳ ಹಚ್ಚುವ ಮುನ್ನ ಬಟ್ಟೆಯನ್ನು 110–120 ಡಿಗ್ರಿಯಲ್ಲಿ ಒಣಗಿಸಿ. ರಾಳ ಹಚ್ಚಿದ ಬಟ್ಟೆಯನ್ನು ಫ್ರಿಜ್‌ನಲ್ಲಿ ಇಡುವುದಾದರೆ, ಹೊರತೆಗೆದ ಚೀಲವು ಕೋಣೆಯ ಉಷ್ಣತೆಗೆ ಬರುವವರೆಗೆ ಬಾಯಿ ಬಿಚ್ಚಬೇಡಿ. ಬಿಚ್ಚಿದರೆ ತಣ್ಣನೆಯ ಬಟ್ಟೆಯ ಮೇಲೆ ಇಬ್ಬನಿಯಂತೆ ನೀರು ಕೂಡುತ್ತದೆ. ರಾಳ ಹಚ್ಚಿದ ಒಂದು ತುಂಡನ್ನು ತೂಗಿ, 160 ಡಿಗ್ರಿಯಲ್ಲಿ ಕಾಲು ಗಂಟೆ ಇಟ್ಟು ಮತ್ತೆ ತೂಗಿದರೆ ಎಷ್ಟು ಹಾರುವ ಅಂಶ ಉಳಿದಿದೆ ಎಂಬುದು ತಿಳಿಯುತ್ತದೆ. ಪ್ರತಿ ಫಲಕಕ್ಕೂ ಈ ಅಂಕಿಯನ್ನು ಬರೆದಿಡಿ, ಊಹೆಗೆ ಜಾಗ ಉಳಿಯುವುದಿಲ್ಲ.

ಓವನ್ನನ್ನು 80–90 ಡಿಗ್ರಿಯಲ್ಲಿ ಕೆಲವು ಗಂಟೆ ತಡೆದು ನಿಲ್ಲಿಸಿ, ರಾಳ ಬಿಗಿಯುವ ಮೊದಲೇ ಆವಿಯನ್ನು ಹೊರಗೆ ಹೋಗಲು ಬಿಡಿ. ಆಮೇಲೆ ನಿಧಾನವಾಗಿ ಏರಿಸಿ. ಬಿಸಿ ಪ್ರೆಸ್ ಸಿಕ್ಕರೆ ಆವಿಯ ಒತ್ತಡವನ್ನು ಮೀರುವಂತೆ 10–15 ಬಾರ್ ಕೊಟ್ಟು, ಒತ್ತಡದಲ್ಲಿಯೇ ತಣಿಸಿ. ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಆವಿ ಬರುವುದರಿಂದ ಓವನ್ ಇರುವ ಕೋಣೆಗೆ ಎಕ್ಸಾಸ್ಟ್ ಕಡ್ಡಾಯವಾಗಿ ಇರಲಿ.

ಪ್ರಶ್ನೆ (ಹುಬ್ಬಳ್ಳಿ)

ನಮ್ಮಲ್ಲಿ ಪ್ರೆಸ್ ಇಲ್ಲ. ಬೊಬ್ಬೆಯಿಲ್ಲದ ಒಂದು ಹಳೆಯ ಫಲಕವೂ ಜ್ವಾಲೆಗೆ ಹಿಡಿದಾಗ ಪದರ ಪದರವಾಗಿ ಸುಲಿದಿತ್ತು. ಅದಕ್ಕೂ ಇದೇ ಕಾರಣವೇ?

ಉತ್ತರ (ಧಾರವಾಡ)

ಅದರ ಕಾರಣ ಬೇರೆ. ಸುಮಾರು 300 ಡಿಗ್ರಿ ದಾಟಿದ ಮೇಲೆ ರಾಳವೇ ಒಡೆದು ಅನಿಲವಾಗುತ್ತದೆ, ಉಳಿದದ್ದು ಇದ್ದಿಲಿನಂತಹ ಪದರವಾಗುತ್ತದೆ. ಶಾಖವನ್ನು ತಡೆಯುವುದು ಈ ಕ್ರಿಯೆಯೇ ಆದ್ದರಿಂದ ಅದನ್ನು ನಿಲ್ಲಿಸಲಾಗದು, ಅನಿಲಕ್ಕೆ ದಾರಿ ಮಾಡಿಕೊಡಬೇಕಷ್ಟೆ. ಪದರಗಳು ಜ್ವಾಲೆಗೆ ಒಡ್ಡಿದ ಮೇಲ್ಮೈಗೆ ಸಮಾನಾಂತರವಾಗಿದ್ದರೆ ಅನಿಲವು ಅವುಗಳನ್ನು ಎಬ್ಬಿಸುತ್ತದೆ. ಓರೆಯಾಗಿ ಜೋಡಿಸಿದರೆ ಎಳೆಗಳ ಗುಂಟ ಹೊರಬೀಳುತ್ತದೆ. ರಾಕೆಟ್ ನಾಝಲ್‌ಗಳಲ್ಲಿ (ಬಿಸಿ ಅನಿಲ ಹೊರಚಿಮ್ಮುವ ಬಾಯಿ) ರಾಳ ಹಚ್ಚಿದ ಬಟ್ಟೆಯ ಪಟ್ಟಿಯನ್ನು ಓರೆಯಾಗಿ ಸುತ್ತುವುದಕ್ಕೆ ಇದೂ ಒಂದು ಕಾರಣ. ಪ್ರೆಸ್ ಇಲ್ಲದಿದ್ದರೆ ದಪ್ಪ ಉಕ್ಕಿನ ಎರಡು ತಟ್ಟೆಗಳ ನಡುವೆ ಬೋಲ್ಟ್ ಬಿಗಿದು, ಅಂಚುಗಳನ್ನು ತೆರೆದಿಟ್ಟು, ತೆಳುವಾದ ಫಲಕದಿಂದ ಆರಂಭಿಸಿ. ತೂಕದ ಪರೀಕ್ಷೆಯಲ್ಲಿ ನಷ್ಟ ಕಡಿಮೆಯಾದ ಮೇಲೆಯೇ ದಪ್ಪ ಹೆಚ್ಚಿಸಿ.